ವೆಟ್ ಬ್ಲಾಸ್ಟಿಂಗ್ ಪೆಟ್ಟಿಗೆ ಇಳಿಸಿದ ಹುಡುಗನಿಗೆ

ಮಗಾ, ಮುಡುಕುತೊರೆಯಲ್ಲೇ ಶೆಡ್ ಹಾಕಿ ವೆಟ್ ಬ್ಲಾಸ್ಟಿಂಗ್ ಕ್ಯಾಬಿನೆಟ್ ಇಳಿಸಿದ್ದೀಯೆ, ಹಳೆಯ ಜಾವಾ, ಯೆಜ್ಡಿ ಬೈಕುಗಳ ಎಂಜಿನ್ ಭಾಗಗಳನ್ನು ಹೊಸದರ ಹಾಗೆ ಮಾಡಿಕೊಡುತ್ತೀಯೆ ಎಂದು ನಿಮ್ಮಪ್ಪ ಹೇಳಿದಾಗ ಬಹಳ ಸಂತೋಷವಾಯಿತು. ಆ ಬೈಕುಗಳು ನಮ್ಮ ಮೈಸೂರಿನಲ್ಲೇ ಹುಟ್ಟಿದವು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆ ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಂದಮೇಲೆ ನಿನ್ನ ಕೈಗೆ ಬರುವ ಕ್ರ್ಯಾಂಕ್‌ಕೇಸಿಗೆ ಮೂವತ್ತು ವರ್ಷ ದಾಟಿರುತ್ತದೆ. ಒಡೆದರೆ ಅಂಥದ್ದು ಸುಲಭಕ್ಕೆ ಸಿಗುವುದಿಲ್ಲ. ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಫಿನಿಶಿಂಗ್ ವಿಭಾಗದಲ್ಲೇ ನನ್ನ ದುಡಿಮೆ ಕಳೆಯಿತು. ಅಲ್ಲಿ ಕಂಡಿದ್ದನ್ನು ನಿನಗೆ ಹೇಳಬೇಕು ಅನ್ನಿಸಿದೆ.

ಗಾಜಿನ ಮಣಿ ಬೆರೆತ ನೀರನ್ನು ಗಾಳಿಯ ಒತ್ತಡದಲ್ಲಿ ಚಿಮ್ಮಿಸುವ ಈ ಯಂತ್ರದಲ್ಲಿ ಮಣಿಗಿಂತ ನೀರೇ ಮುಖ್ಯ. ಒಣ ಬ್ಲಾಸ್ಟಿಂಗ್‌ನಲ್ಲಿ ಮಣಿ ನೇರವಾಗಿ ಲೋಹಕ್ಕೆ ಬಡಿಯುತ್ತದೆ, ಧೂಳು ಏಳುತ್ತದೆ, ಒಡೆದ ಚೂರು ಮೆತ್ತನೆಯ ಅಲ್ಯೂಮಿನಿಯಂನಲ್ಲಿ ನೆಟ್ಟುಕೊಳ್ಳುತ್ತದೆ. ಇಲ್ಲಿ ನೀರಿನ ತೆಳುಪದರ ಪೆಟ್ಟನ್ನು ಮೃದು ಮಾಡಿ, ಚೂರನ್ನು ಕೂಡಲೇ ತೊಳೆದು ಒಯ್ಯುತ್ತದೆ. ಆ ರೇಷ್ಮೆಯಂಥ ಹೊಳಪು ಬರುವುದು ಅದರಿಂದ. ನೀರು ಕೆಟ್ಟರೆ ಕೆಲಸವೂ ಕೆಡುತ್ತದೆ.

ಆದ್ದರಿಂದ ಎಣ್ಣೆ ಜಿಡ್ಡಿರುವ ಯಾವ ಸಾಮಾನನ್ನೂ ಪೆಟ್ಟಿಗೆಯೊಳಗೆ ಇಡಬೇಡ. ಈ ಬೈಕುಗಳದ್ದು ಎರಡು ಸ್ಟ್ರೋಕಿನ ಎಂಜಿನ್, ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸಿದ್ದು. ಎಕ್ಸಾಸ್ಟ್ ಬಾಯಿಯಲ್ಲಿ ಕಪ್ಪು ಮಸಿ ಗಟ್ಟಿಯಾಗಿ ಕೂತಿರುತ್ತದೆ, ಚೈನ್ ಕಡೆ ಗ್ರೀಸು, ಮಣ್ಣು. ಮೊದಲು ಕೆರೆದು, ಡೀಸೆಲ್‌ನಲ್ಲಿ ಉಜ್ಜಿ, ಆಮೇಲೆ ಬಿಸಿನೀರು ಸೋಪಿನಲ್ಲಿ ಡೀಸೆಲ್ ವಾಸನೆ ಹೋಗುವವರೆಗೆ ತೊಳೆ. ಬೇಗ ಆಗಲಿ ಅಂತ ಕಾಸ್ಟಿಕ್ ಸೋಡಾಕ್ಕೆ ಕೈ ಹಾಕಬೇಡ, ಅದು ಅಲ್ಯೂಮಿನಿಯಂ ಅನ್ನೇ ತಿಂದುಬಿಡುತ್ತದೆ. ಒಂದು ಜಿಡ್ಡಿನ ಕೇಸು ಒಳಗೆ ಹೋದರೆ ತೊಟ್ಟಿಯಲ್ಲಿರುವ ಮಣಿ-ನೀರಿನ ಬಗ್ಗಡವೆಲ್ಲ ಹಾಳಾಗುತ್ತದೆ, ಆ ಎಣ್ಣೆ ಮುಂದಿನ ಗಿರಾಕಿಯ ಸಾಮಾನಿಗೂ ಕಪ್ಪು ಕಲೆ ಬಳಿಯುತ್ತದೆ. ಕಂಪ್ರೆಸರ್‌ನಿಂದ ಎಣ್ಣೆ ಹೊಗೆ ಗಾಳಿಯ ಜೊತೆ ಬಂದರೂ ಇದೇ ಕತೆ. ಗಾಳಿಯಲ್ಲಿ ತೇವ ಇದ್ದರೆ ಇಲ್ಲಿ ಚಿಂತೆಯಿಲ್ಲ; ಎಣ್ಣೆ ಇರಬಾರದು, ಫಿಲ್ಟರ್ ನೋಡಿಕೊ.

ಮುಚ್ಚಬೇಕಾದ್ದನ್ನು ಮುಚ್ಚುವುದು ಬೇಸರದ ಕೆಲಸ, ಗೊತ್ತು. ಆದರೂ ಬೇರಿಂಗ್ ಕೂರುವ ಗುಂಡಿಗಳಿಗೆ ರಬ್ಬರ್ ಬಿರಡೆ, ಬೋಲ್ಟಿನ ತೂತುಗಳಿಗೆ ಹಳೆಯ ಬೋಲ್ಟು, ಎರಡು ಹೋಳು ಕೂಡುವ ಮುಖಕ್ಕೆ ದಪ್ಪ ಟೇಪು ಹಾಕದೆ ಗನ್ ಹಿಡಿಯಬೇಡ. ಇನ್ನೊಂದು ಮಾತನ್ನು ಗೋಡೆಯ ಮೇಲೆ ಬರೆದಿಟ್ಟುಕೊ: ಎಂಜಿನ್ ನಂಬರ್. ಕೇಸಿನ ಮೇಲೆ ಒತ್ತಿದ ಆ ಅಂಕಿಗಳ ಮೇಲೆ ಮಣಿ ಬಡಿಯುತ್ತಲೇ ಇದ್ದರೆ ಅಂಚು ಮಸುಕಾಗುತ್ತದೆ. ನಾಳೆ ಆರ್‌ಟಿಒ ಕಚೇರಿಯಲ್ಲಿ ಆ ನಂಬರ್ ಆರ್‌ಸಿ ಪುಸ್ತಕಕ್ಕೆ ತಾಳೆಯಾಗದಿದ್ದರೆ ಗಾಡಿಯ ಯಜಮಾನ ಪಡುವ ಪಾಡು ನಿನಗೇನೂ ಬೇಡ. ಒಳಗೆ ಇಡುವ ಮುಂಚೆ ಫೋಟೋ ತೆಗೆ, ಆಮೇಲೆ ಟೇಪು ಹಾಕು.

ಗಾಳಿಯ ಒತ್ತಡ ಹೆಚ್ಚಿಸಿದರೆ ಬೇಗ ಮುಗಿಯುತ್ತದೆ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಕಾರ್ಬುರೇಟರ್ ಮೈ ಮೆತ್ತಗಿನ ಲೋಹ, ಅದಕ್ಕೆ 40 ಪಿಎಸ್‌ಐ ಆಸುಪಾಸು ಸಾಕು. ಕ್ರ್ಯಾಂಕ್‌ಕೇಸಿಗೆ 60 ಇಟ್ಟು ನೋಡು, ಸಾಲದಿದ್ದರೆ ಸ್ವಲ್ಪ ಏರಿಸು, 80 ದಾಟಿಸಬೇಡ. ಒತ್ತಡ ಅತಿಯಾದರೆ ಮಣಿಗಳು ಪುಡಿಯಾಗಿ ಬಗ್ಗಡ ಮೊಸರಾಗುತ್ತದೆ, ಅಷ್ಟೇ ಲಾಭ. ಬಗ್ಗಡದಲ್ಲಿ ಮಣಿ ಎಷ್ಟಿದೆ ಎಂದು ಕಣ್ಣಂದಾಜಿಗೆ ಬಿಡಬೇಡ. ಪಂಪು ಓಡುತ್ತಿರುವಾಗ ಗನ್ನಿನಿಂದಲೇ ಒಂದು ಲೀಟರಿನ ಅಳತೆ ಜಾಡಿಗೆ ಹಿಡಿದು, ತಳಕ್ಕೆ ಕೂರಲು ಬಿಡು. 100ರಿಂದ 150 ಮಿಲಿಯಷ್ಟು ಗಸಿ ನಿಂತರೆ ಸರಿ. ಕಡಿಮೆ ಇದ್ದರೆ ಹೊಸ ಮಣಿ ಹಾಕು. ಮೇಲಿನ ನೀರು ಹಾಲಿನಂತೆ ಬೆಳ್ಳಗೇ ಉಳಿದರೆ ಮಣಿ ಸವೆದು ಹಿಟ್ಟಾಗಿದೆ ಎಂದರ್ಥ. ಎಲ್ಲವನ್ನೂ ತೆಗೆದು ಹೊಸದಾಗಿ ತುಂಬು.

ನಾಝಲ್ ಸವೆಯುವುದು ನಿಧಾನ, ಹಾಗಾಗಿಯೇ ಯಾರಿಗೂ ತಿಳಿಯುವುದಿಲ್ಲ. ಅದರ ತೂತಿನ ವ್ಯಾಸ ಒಂದೂವರೆ ಪಟ್ಟಾದರೆ ಗಾಳಿಯ ಖರ್ಚು ಎರಡೂಕಾಲು ಪಟ್ಟಾಗುತ್ತದೆ. ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಕರೆಂಟ್ ಬಿಲ್ಲು ಏರುತ್ತದೆ, ಹೊಳಪು ಮಾತ್ರ ಇಳಿಯುತ್ತದೆ. ಹೊಸ ನಾಝಲ್‌ನೊಳಗೆ ಬಿಗಿಯಾಗಿ ಹೋಗುವ ಡ್ರಿಲ್ ಬಿಟ್ಟಿನ ಹಿಡಿ ಭಾಗವೊಂದನ್ನು ಪೆಟ್ಟಿಗೆ ಪಕ್ಕದಲ್ಲೇ ನೇತುಹಾಕು. ವಾರಕ್ಕೊಮ್ಮೆ ತೂರಿಸಿ ನೋಡು. ಅಲ್ಲಾಡತೊಡಗಿದರೆ ಬದಲಿಸುವ ಕಾಲ ಬಂತು.

ಪಂಪಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಕೆಲಸ ಮುಗಿದ ಕೂಡಲೇ ಸ್ವಿಚ್ ಆರಿಸಿ ಊಟಕ್ಕೆ ಹೋಗುವುದು ತಪ್ಪು. ಮಣಿ ತಳಕ್ಕೆ ಕೂತು, ಮರುದಿನಕ್ಕೆ ಕಲ್ಲಿನಂತೆ ಬಿಗಿದು ಪಂಪಿನ ಚಕ್ರವನ್ನೇ ಹಿಡಿದುಬಿಡುತ್ತದೆ. ಗನ್ನು, ಪೈಪು ಎರಡರಲ್ಲೂ ಬರೀ ನೀರು ಹಾಯಿಸಿ ತೊಳೆದು, ಆಮೇಲೆ ನಿಲ್ಲಿಸು. ಬೆಳಿಗ್ಗೆ ಶುರುಮಾಡುವಾಗ ತಳವನ್ನು ಮರದ ಕೋಲಿನಿಂದ ಕದಡಿ, ಬಗ್ಗಡ ಚೆನ್ನಾಗಿ ಸುತ್ತಲು ಶುರುವಾದಮೇಲೆ ಗಾಳಿ ಬಿಡು. ನೀರು ಕೆಳಗಿಳಿದು ಪಂಪು ಒಣಗಿ ಓಡಿದರೆ ಸೀಲ್ ಹೋಗುತ್ತದೆ. ಕಿಟಕಿ ಗಾಜನ್ನೂ ಒಣ ಬಟ್ಟೆಯಿಂದ ಒರೆಸಬೇಡ, ಗೀರು ಬೀಳುತ್ತದೆ, ನೀರು ಚಿಮ್ಮಿಸಿ ತೊಳೆ. ಕೈಗವಸಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಬದಲಿಸು. ನೀರು, ಒದ್ದೆ ಕೈ, ಮೂರು ಫೇಸ್ ಕರೆಂಟು ಒಂದೇ ಕಡೆ ಇರುವ ಜಾಗ ಅದು. ಅರ್ಥಿಂಗ್ ಸರಿಯಾಗಿರಲಿ, 30 ಮಿಲಿಆಂಪಿನ ಇಎಲ್‌ಸಿಬಿ ಇಲ್ಲದೆ ಒಂದು ದಿನವೂ ಓಡಿಸಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಹೊಳಪು ಬಂದಮೇಲೆ ಅರ್ಧ ಕೆಲಸ ಇನ್ನೂ ಬಾಕಿ ಇರುತ್ತದೆ. ಜಾವಾ, ಯೆಜ್ಡಿ ಎಂಜಿನ್ನುಗಳಲ್ಲಿ ಪೆಟ್ರೋಲು, ಎಣ್ಣೆ, ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಮೇಲೆ ಹೋಗುತ್ತದೆ. ಅಲ್ಲಿ ಒಂದು ಚಿಟಿಕೆ ಗಾಜಿನ ಮಣಿ ಉಳಿದರೂ ಬಿಗ್ ಎಂಡ್ ಬೇರಿಂಗ್‌ಗೆ, ಪಿಸ್ಟನ್‌ಗೆ, ಸಿಲಿಂಡರಿನ ಗೋಡೆಗೆ ನೇರ ದಾರಿ. ಬೈಕು ಹೊರಗಿನಿಂದ ಮದುಮಗನ ಹಾಗೆ ಕಾಣುತ್ತಿರುತ್ತದೆ, ಒಳಗೆ ಸವೆಯುತ್ತಿರುತ್ತದೆ. ಬಿರಡೆ ಬೋಲ್ಟುಗಳನ್ನೆಲ್ಲ ತೆಗೆದು, ಎಣ್ಣೆ ಹಾದಿಗಳಿಗೆ ಎರಡೂ ಕಡೆಯಿಂದ ನೀರು ಹಾಯಿಸು, ಗಾಳಿ ಊದು, ಬಿಸಿ ಸೋಪು ನೀರಿನಲ್ಲಿ ಸಣ್ಣ ಬ್ರಷ್ ಹಾಕಿ ಉಜ್ಜು, ಮತ್ತೆ ಊದು. ತಳ ಮುಚ್ಚಿದ ಬೋಲ್ಟು ತೂತುಗಳು ಮಣಿ ಬಚ್ಚಿಡುವ ಜಾಗ. ಅಲ್ಲಿ ಟ್ಯಾಪ್ ಇಳಿಸಿ ತೆಗೆ. ಪೂರ್ತಿ ಒಣಗಿದಮೇಲೆ ಕರಿ ಬಟ್ಟೆ ಹಾಸಿ ಅದರ ಮೇಲೆ ಕೇಸನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟು. ಬಿಳಿ ಕಾಳು ಒಂದು ಬಿದ್ದರೂ ಮತ್ತೆ ತೊಳೆ. ಗಿರಾಕಿ ಬಾಗಿಲಲ್ಲಿ ನಿಂತು ಅವಸರ ಮಾಡಿದರೂ ಇದನ್ನು ಬಿಡಕೂಡದು. ಕೊನೆಯ ತೊಳೆತಕ್ಕೆ ಬೋರ್‌ವೆಲ್ ನೀರು ಬೇಡ, ಗಡಸು ನೀರಿನ ಬಿಳಿ ಕಲೆ ಉಳಿಯುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದಿಟ್ಟುಕೊ. ಕಬ್ಬಿಣದ ಸಾಮಾನಾದರೆ ಒಣಗಿಸಿದ ಗಳಿಗೆಯಲ್ಲೇ ಎಣ್ಣೆ ಹಚ್ಚು, ಇಲ್ಲವಾದರೆ ನಿನ್ನ ಕಣ್ಣೆದುರೇ ತುಕ್ಕು ಏಳುತ್ತದೆ.

ಗಾಜಿನ ಮಣಿಗೆ ದುಡ್ಡು ಯಾಕೆ, ಹೊಳೆಯಲ್ಲಿ ಮರಳಿದೆಯಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಪಕ್ಕದಲ್ಲೇ ತಲಕಾಡು, ಮರಳಿಗೇ ಹೆಸರಾದ ಊರು. ಕೇಳಬೇಡ, ಮಗಾ. ಮರಳೆಂದರೆ ಸಿಲಿಕಾ. ಒದ್ದೆ ಇರುವಾಗ ಅದು ಸುಮ್ಮನಿರುತ್ತದೆ. ನೆಲಕ್ಕೆ ಚೆಲ್ಲಿ ಒಣಗಿದಮೇಲೆ, ಗುಡಿಸುವಾಗ, ಕಣ್ಣಿಗೆ ಕಾಣದ ಧೂಳಾಗಿ ಎದೆಗೆ ಇಳಿಯುತ್ತದೆ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಅದೇ ಧೂಳಿನ ರೋಗ. ಅದಕ್ಕೆ ಔಷಧವಿಲ್ಲ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯ ರೋಗಗಳ ಪಟ್ಟಿಯಲ್ಲೇ ಅದರ ಹೆಸರಿತ್ತು. ಎರಕದ ಸಾಮಾನಿಗೆ ಮರಳು ಊದುವುದನ್ನು ಬ್ರಿಟನ್ 1949ರ ನಿಯಮದಲ್ಲೇ ನಿಷೇಧಿಸಿತು. ಗಾಜಿನ ಮಣಿಯಲ್ಲಿ ಆ ಹರಳು ಸಿಲಿಕಾ ಇಲ್ಲ, ಆದರೂ ಚೆಲ್ಲಿದ ಗಸಿಯನ್ನು ಒಣಗಿಸಿ ಗುಡಿಸಬೇಡ, ಒದ್ದೆಯಿರುವಾಗಲೇ ಬಳಿದು ತೆಗೆ. ಕೆಲಸಕ್ಕೆ ಬರುವ ಹುಡುಗರಿಗೂ ಇದನ್ನು ಮೊದಲ ದಿನವೇ ಹೇಳು.

ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಲೇಪನದಲ್ಲಿ ಸತು, ಕ್ಯಾಡ್ಮಿಯಂ ಇರಬಹುದು. ಅವೆಲ್ಲ ನಿನ್ನ ಬಗ್ಗಡದಲ್ಲೇ ಸೇರುತ್ತವೆ. ನಿನ್ನ ಶೆಡ್ಡಿನ ಹಿಂದಿನ ಇಳಿಜಾರು ಕಾವೇರಿಯ ಕಡೆಗೇ ಇದೆ. ನಿಮ್ಮಜ್ಜಿ ಆ ನೀರಲ್ಲಿ ಮುಳುಗೆದ್ದು ಮಲ್ಲಿಕಾರ್ಜುನನ ಬೆಟ್ಟ ಹತ್ತಿದವಳು. ಬಗ್ಗಡವನ್ನು ಎರಡು ಡ್ರಮ್ಮಿನಲ್ಲಿ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಮತ್ತೆ ಪೆಟ್ಟಿಗೆಗೇ ಹಾಕು. ಗಸಿಯನ್ನು ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಯಾರಿಗೆ ಒಪ್ಪಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಮೈಸೂರು ಕಚೇರಿಯಲ್ಲಿ ಕೇಳಿಕೊ. ಚರಂಡಿಗೆ ಒಂದು ಬಕೀಟೂ ಬೇಡ.

ಮಾಘದಲ್ಲಿ ಮಲ್ಲಿಕಾರ್ಜುನನ ಜಾತ್ರೆ ಬಂದಾಗ ನೀನೂ ಹುಡುಗರೂ ಕೆಲವು ದಿನ ಶೆಡ್ ಮುಚ್ಚುತ್ತೀರಿ, ಮುಚ್ಚಲೇಬೇಕು. ಅದಕ್ಕೆ ಹಿಂದಿನ ದಿನವೇ ತೊಟ್ಟಿ ಪೂರ್ತಿ ಖಾಲಿ ಮಾಡಿ, ಮಣಿ ತೊಳೆದು ಬೇರೆ ಡಬ್ಬಕ್ಕೆ ತೆಗೆದಿಡು, ಪಂಪಿನಲ್ಲಿ ಒಳ್ಳೆಯ ನೀರು ಓಡಿಸಿ ಬಸಿ, ಕಂಪ್ರೆಸರ್ ಟ್ಯಾಂಕಿನ ತಳದ ನೀರು ಬಿಡು, ಪೆಟ್ಟಿಗೆಯ ಬಾಗಿಲು ಗಾಳಿಯಾಡುವಂತೆ ತೆರೆದಿಟ್ಟು ಮೇನ್ ಸ್ವಿಚ್ ಆರಿಸು. ನಾನು ತೇರಿನ ದಿನ ಬರುತ್ತೇನೆ. ಆಗ ಒಂದು ಕೇಸು ಬಿಚ್ಚಿಟ್ಟಿರು, ಕರಿ ಬಟ್ಟೆ ಹಾಸಿ ಇಬ್ಬರೂ ತಟ್ಟಿ ನೋಡೋಣ.