ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯ: ಜನಾಂಗೀಯ ನ್ಯಾಯದ ಪ್ರಯತ್ನಗಳು

ಪರಿಚಯ: ವಾಷಿಂಗ್ಟನ್ ನಗರದಲ್ಲಿರುವ ಈ ವಿಶ್ವವಿದ್ಯಾನಿಲಯವು 1789ರಲ್ಲಿ ಜಾನ್ ಕ್ಯಾರಲ್ ಎಂಬ ಧರ್ಮಾಧ್ಯಕ್ಷನಿಂದ ಸ್ಥಾಪಿತವಾದ, ಅಮೆರಿಕದ ಅತ್ಯಂತ ಪ್ರಾಚೀನ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯ.

ಹಿನ್ನೆಲೆ: 1838ರಲ್ಲಿ ಮೇರಿಲ್ಯಾಂಡಿನ ಜೆಸ್ವಿಟ್ ಪಾದ್ರಿಗಳು, ಋಣಭಾರದಿಂದ ಕುಗ್ಗಿದ್ದ ಈ ವಿದ್ಯಾಸಂಸ್ಥೆಯನ್ನು ಉಳಿಸಿಕೊಳ್ಳಲೆಂದು, ಆಬಾಲವೃದ್ಧರಾದಿಯಾಗಿ 272 ಮಂದಿ ಗುಲಾಮರನ್ನು ಲೂಯಿಸಿಯಾನದ ತೋಟದೊಡೆಯರಿಗೆ 1,15,000 ಡಾಲರಿಗೆ ವಿಕ್ರಯಿಸಿದರು.

ಕ್ರಮಗಳು: ಈ ಕಲಂಕಿತ ಇತಿಹಾಸವನ್ನು ಮರೆಮಾಚದೆ ಅಧ್ಯಯನ, ಸಂವಾದಗಳ ಮೂಲಕ ಎದುರಿಸುವ ಸಲುವಾಗಿ ಅಂದಿನ ಅಧ್ಯಕ್ಷ ಜಾನ್ ಡಿಜೋಯಾ ಅವರು 2015ರಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಮತ್ತು ಹಳೆಯ ವಿದ್ಯಾರ್ಥಿಗಳನ್ನೊಳಗೊಂಡ ಸಮಿತಿಯೊಂದನ್ನು ರಚಿಸಿದರು; 2016ರಲ್ಲಿ ಅದರ ವರದಿ ಪ್ರಕಟವಾಗಿ, ಮಾರಾಟವಾದವರ ವಂಶಜರಿಗೆ ಪ್ರವೇಶದಲ್ಲಿ ವಿಶೇಷ ಪರಿಗಣನೆ ಘೋಷಿತವಾಯಿತು. 2017ರ ಏಪ್ರಿಲ್ 18ರಂದು, ವಂಶಜರ ಸಮ್ಮುಖದಲ್ಲಿಯೇ ಕ್ಷಮಾಯಾಚನೆಯ ಪ್ರಾರ್ಥನಾಸಭೆ ನಡೆದು, ವಿಕ್ರಯವನ್ನು ನಡೆಸಿದ ಥಾಮಸ್ ಮಲೆಡಿಯ ಹೆಸರಿದ್ದ ಕಟ್ಟಡಕ್ಕೆ, ಆ ಕ್ರಯಪತ್ರದ ಪಟ್ಟಿಯಲ್ಲಿ ಮೊದಲಿಗನಾದ ಐಸಾಕ್ ಹಾಕಿನ್ಸನ ಹೆಸರನ್ನು ವಿಧ್ಯುಕ್ತವಾಗಿ ಇಡಲಾಯಿತು. ಮತ್ತೊಂದು ಕಟ್ಟಡವು, ಕಪ್ಪು ಬಾಲಿಕೆಯರಿಗಾಗಿ ಶಾಲೆ ತೆರೆದ ಆನ್ ಮರೀ ಬೆಕ್ರಾಫ್ಟ್ ಅವರ ನಾಮಧೇಯವನ್ನು ಪಡೆಯಿತು.

ಗಮನಿಸಿ: 2019ರಲ್ಲಿ ವಿದ್ಯಾರ್ಥಿಗಳು ಜನಮತದ ಮೂಲಕ ವಂಶಜರ ಹಿತಕ್ಕಾಗಿ ಪ್ರತಿ ಸೆಮಿಸ್ಟರಿಗೆ 27.20 ಡಾಲರ್ ಶುಲ್ಕವನ್ನು ಅನುಮೋದಿಸಿದರು. 2021ರಲ್ಲಿ ವಂಶಜರ ಪ್ರತಿಷ್ಠಾನಕ್ಕೆ 10 ಕೋಟಿ ಡಾಲರ್ ಸಂಗ್ರಹಿಸಿಕೊಡುವುದಾಗಿ ಜೆಸ್ವಿಟರು ವಾಗ್ದಾನವಿತ್ತರು.