ಕಡಲಾಚೆಯ ಕಾಯಕ: ಕಲ್ಯಾಣದ ನೆಲದಿಂದ ಹೊರಡುವವರಿಗೆ ಒಂಬತ್ತು ಸೂತ್ರಗಳು

ಹುಮನಾಬಾದ್, ಬಸವಕಲ್ಯಾಣದ ಹುಡುಗರು ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಹೈದರಾಬಾದ್ ಸೇರಿ, ಅಲ್ಲಿಂದ ದುಬೈ, ರಿಯಾದ್, ದೋಹಾದ ವಿಮಾನ ಹತ್ತುವುದು ಈಗ ಹೊಸ ಸುದ್ದಿಯಲ್ಲ. ನರ್ಸಿಂಗ್ ಓದಿದವರ ಕಣ್ಣು ಜರ್ಮನಿಯ ಮೇಲೆ, ಎಂಜಿನಿಯರುಗಳದು ಅಮೆರಿಕ, ಕೆನಡಾ ಮೇಲೆ. ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಆ ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆಯೇ ಎಂದು ಕೇಳುವವರು ಕಡಿಮೆ. 12ನೇ ಶತಮಾನದಲ್ಲಿ ದೂರದೂರದ ನಾಡುಗಳಿಂದ ಜನ ಇದೇ ಕಲ್ಯಾಣಕ್ಕೆ ಬಂದು ಹೊಸ ಕಾಯಕ ಹಿಡಿದಿದ್ದರು. ಇಂದು ಇಲ್ಲಿಂದ ಹೊರಡುವವರಿಗೆ ಅವರ ಬದುಕಿನಲ್ಲಿ ಹೇಳಿಕೊಡುವುದು ಬಹಳ ಇದೆ.

1. ಹಳೆಯ ಪದವಿಯನ್ನು ತಲೆಯಿಂದ ಇಳಿಸಿ.
ಹುಮನಾಬಾದ್ ತಾಲ್ಲೂಕಿನ ಮೋಳಕೇರಾದಲ್ಲಿ ಮೋಳಿಗೆಯ ಮಾರಯ್ಯನವರ ಗವಿ ಇದೆ. ಪರಂಪರೆಯ ಪ್ರಕಾರ ಅವರು ಕಾಶ್ಮೀರದ ಅರಸರು, ಹೆಸರು ಮಹಾದೇವ ಭೂಪಾಲ. ಕಲ್ಯಾಣಕ್ಕೆ ಬಂದ ಮೇಲೆ ಕಾಡಿಗೆ ಹೋಗಿ ಸೌದೆ ಕಡಿದು, ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಮಾರಿದರು. ಆ ದುಡ್ಡಿನಲ್ಲೇ ದಾಸೋಹ. ಒಮ್ಮೆ ಬಸವಣ್ಣನವರು ಜಂಗಮ ವೇಷದಲ್ಲಿ ಬಂದು ಅಂಬಲಿ ಕುಡಿದು, ಹೊನ್ನನ್ನು ಗುಟ್ಟಾಗಿ ಇಟ್ಟು ಹೋದರಂತೆ. ಗಂಡ ಹೆಂಡತಿ ಅದನ್ನು ಜಂಗಮರಿಗೆ ಹಂಚಿ ಮರುದಿನ ಮತ್ತೆ ಕಾಡಿಗೆ ನಡೆದರು. ಊರಲ್ಲಿ ಮೇಷ್ಟ್ರಾಗಿದ್ದವರು ಪರದೇಶದಲ್ಲಿ ಮೊದಲ ವರ್ಷ ಅಂಗಡಿಯ ಗಲ್ಲೆಯಲ್ಲಿ ಕೂರಬೇಕಾದೀತು. ಅದರಿಂದ ಮಾನವೇನೂ ಹೋಗುವುದಿಲ್ಲ.

2. ನಿಮ್ಮ ಕೈಗೆ ಗೊತ್ತಿರುವುದನ್ನು ಬರೆದಿಡಿ.
ಬಸವಕಲ್ಯಾಣದ ಆಟೋನಗರದಲ್ಲಿ ಬೆಳೆದ ಹುಡುಗನಿಗೆ ಲಾರಿಯ ಬಾಡಿ ಕಟ್ಟುವುದು, ವೆಲ್ಡಿಂಗ್, ಡೆಂಟಿಂಗ್, ಪೇಂಟಿಂಗ್ ಎಲ್ಲ ಬರುತ್ತದೆ. ಬರೀ ಚಾಸಿ ಬಂದು ನಿಂತರೆ ಎಲ್ಲಿ ಆ್ಯಂಗಲ್ ಕೂರಿಸಬೇಕು, ಎಲ್ಲಿ ತಗಡು ಬಾಗಿಸಬೇಕು ಎಂದು ಕಣ್ಣಳತೆಯಲ್ಲೇ ಹೇಳುತ್ತಾನೆ. ಅದೇ ಹುಡುಗ ಏಜೆಂಟನ ಮುಂದೆ ಕೂತಾಗ ‘ಏನು ಕೆಲಸ ಆದರೂ ಸರಿ’ ಎನ್ನುತ್ತಾನೆ, ಕಾಗದದ ಮೇಲೆ ‘ಹೆಲ್ಪರ್’ ಆಗಿಬಿಡುತ್ತಾನೆ. ನನಗೆ ಬಹಳ ನೋವು ಕೊಡುವ ಸಂಗತಿ ಇದು. ಯಾವ ಬಗೆಯ ವೆಲ್ಡಿಂಗ್, ಎಷ್ಟು ದಪ್ಪದ ಲೋಹ, ಎಷ್ಟು ವರ್ಷದ ಅನುಭವ ಎಂದು ಬರೆದುಕೊಳ್ಳಿ. ಮಾಡಿದ ಕೆಲಸದ ಫೋಟೊ ಮೊಬೈಲಿನಲ್ಲಿರಲಿ. ಶಾಲೆ ಬಿಟ್ಟವರಿಗೂ ಅನುಭವವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ. ಸೌದಿಗೆ ಹೋಗುವ ವೆಲ್ಡರ್, ಪ್ಲಂಬರ್, ಎಲೆಕ್ಟ್ರಿಷಿಯನ್ ಮುಂತಾದವರಿಗೆ ಕೌಶಲ ಪರೀಕ್ಷೆಯೂ ಇದೆ. ತಯಾರಾಗಿಯೇ ಹೋಗಿ.

3. ‘ಆಜಾದ್ ವೀಸಾ’ ಎಂದವರಿಗೆ ಕೈಮುಗಿದು ಎದ್ದು ಬನ್ನಿ.
ಅಂಥ ವೀಸಾ ಕಾನೂನಿನಲ್ಲಿ ಇಲ್ಲ. ಒಬ್ಬ ಕಫೀಲನ (ಪ್ರಾಯೋಜಕ ಮಾಲೀಕನ) ಹೆಸರಲ್ಲಿ ಹೋಗಿ ಇನ್ನೊಬ್ಬನ ಹತ್ತಿರ ಕದ್ದು ಕೆಲಸ ಮಾಡುವುದಕ್ಕೆ ಇಟ್ಟ ಚೆಂದದ ಹೆಸರು ಅದು. ವಿಸಿಟ್ ವೀಸಾದಲ್ಲಿ ಹೋಗಿ ಕೂಲಿಗೆ ನಿಂತರೂ ಅದೇ ಗತಿ. ಏಜೆಂಟನಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಿ. ಆತ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದೂ ರಸೀದಿಯೊಂದಿಗೆ. ಹೊಲ ಅಡವಿಟ್ಟು ಲಕ್ಷಗಟ್ಟಲೆ ಕೊಡುವ ಮುನ್ನ ಈ ಅಂಕಿ ನೆನಪಿರಲಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್ ವರ್ಗಕ್ಕೆ ಬರುತ್ತದೆ. ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ವಲಸೆ ಅನುಮತಿ ಬೇಕು. ಜೊತೆಗೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆ 10 ಲಕ್ಷ ರೂಪಾಯಿಯ ವಿಮೆ. ಎರಡು ವರ್ಷಕ್ಕೆ ಅದರ ಕಂತು ನೂರರ ಲೆಕ್ಕದಲ್ಲಿದೆ, ಸಾವಿರದಲ್ಲಲ್ಲ.

4. ಕಾಗದ ಎರಡು ಕಡೆ ಇರಲಿ.
ಪಾಸ್‌ಪೋರ್ಟ್, ವೀಸಾ, ಕರಾರುಪತ್ರ, ಇಕಾಮಾ (ವಾಸದ ಪರವಾನಗಿ) ಎಲ್ಲದರ ಪ್ರತಿ ನಿಮ್ಮ ಮೊಬೈಲಿನಲ್ಲಿ ಒಂದು, ಊರಲ್ಲಿ ಅಕ್ಕನದೋ ತಮ್ಮನದೋ ಮೊಬೈಲಿನಲ್ಲಿ ಇನ್ನೊಂದು.

5. ಹೊರಡುವ ಮೊದಲೇ ಭಾಷೆ ಹಿಡಿಯಿರಿ.
ನಮ್ಮ ಭಾಗದವರಿಗೆ ಇದು ಹುಟ್ಟಿನಿಂದ ಬಂದ ಆಸ್ತಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಗೆಳೆಯರ ಜೊತೆ ಉರ್ದು ಆಡುತ್ತ ಬೆಳೆದ ನಾಲಿಗೆಗೆ ಇನ್ನೊಂದು ಭಾಷೆ ಭಾರವಲ್ಲ. ಉರ್ದು-ಹಿಂದಿ ಬಂದರೆ ಕೊಲ್ಲಿಯ ಸೈಟುಗಳಲ್ಲಿ ಮೊದಲ ದಿನವೇ ಮಾತಿಗೆ ಜನ ಸಿಗುತ್ತಾರೆ. ಆದರೆ ಮೇಸ್ತ್ರಿಯಾಗಿ ಮೇಲೇರಬೇಕಾದರೆ ಅರಬ್ಬಿಯೋ ಇಂಗ್ಲಿಷೋ ಬೇಕು. ಜರ್ಮನಿಯ ಆಸ್ಪತ್ರೆಗೆ ಹೋಗುವ ನರ್ಸ್‌ಗೆ ಬಿ1, ಬಿ2 ಮಟ್ಟದ ಜರ್ಮನ್ ಕಲಿಯದೆ ದಾರಿಯಿಲ್ಲ.

6. ಮೊದಲು ಸಾಲ ತೀರಿಸಿ, ಆಮೇಲೆ ಮನಸ್ಸಿನ ಕೆಲಸ ಹುಡುಕಿ.
ಸಾಲ ಇರುವವನಿಗೆ ಕೆಲಸ ಬದಲಿಸುವ ಧೈರ್ಯ ಬರುವುದಿಲ್ಲ. ಮೊದಲ ಕೆಲಸ ಅನ್ನಕ್ಕೆ. ಅದಕ್ಕೊಂದು ಗಡುವು ಹಾಕಿಕೊಳ್ಳಿ: ಈ ಕರಾರು ಮುಗಿಯುವುದರೊಳಗೆ ಸಾಲ ಮುಗಿಯಬೇಕು, ಒಂದು ಹೊಸ ಕೌಶಲ ಕೈಸೇರಬೇಕು. ರಾಯಚೂರಿನ ಕಡೆಯಿಂದ ಕಲ್ಯಾಣಕ್ಕೆ ಬಂದಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ವಾಪಸ್ ಸುರಿದು ಬರಲು ಹೇಳಿದ ಕಥೆ ನಮಗೆಲ್ಲ ಗೊತ್ತು. ಊರಲ್ಲಿ ಮೂರಂತಸ್ತಿನ ಮನೆ ಎಬ್ಬಿಸುವ ಹಟದಲ್ಲಿ ಹತ್ತು ವರ್ಷ ಬೇಡದ ಕೆಲಸಕ್ಕೆ ಸಿಕ್ಕಿಬಿದ್ದವರು ಲಕ್ಕಮ್ಮನನ್ನು ಒಮ್ಮೆ ನೆನೆಯಬೇಕು.

7. ಜೊತೆಗೆ ಬರುವ ಹೆಂಡತಿಯ ಕೆಲಸದ ಲೆಕ್ಕವನ್ನೂ ಮೊದಲೇ ಹಾಕಿ.
ಮೋಳಿಗೆಯ ಮಾರಯ್ಯನವರ ಹೆಂಡತಿ ಮಹಾದೇವಿ ಗಂಡನ ನೆರಳಾಗಿ ಉಳಿಯಲಿಲ್ಲ. ಸ್ವತಃ ವಚನ ಬರೆದರು, ಗಂಡನಿಗೇ ಅರಿವು ಹೇಳಿದರು. ಇಂದು ಓದಿದ ಹೆಣ್ಣುಮಕ್ಕಳು ಅವಲಂಬಿತರ ವೀಸಾದಲ್ಲಿ ಹೋಗಿ ವರ್ಷಗಟ್ಟಲೆ ಅಡುಗೆಮನೆಯಲ್ಲಿ ಉಳಿಯುತ್ತಾರೆ. ಅಮೆರಿಕದಲ್ಲಿ ಎಚ್-4 ವೀಸಾದವರಲ್ಲಿ ಒಂದು ವರ್ಗಕ್ಕೆ 2015ರಿಂದ ಕೆಲಸದ ಪರವಾನಗಿ ಸಿಗುತ್ತಿದೆ, ಎಲ್ಲರಿಗೂ ಅಲ್ಲ. ಟಿಕೆಟ್ ತೆಗೆಯುವ ಮುನ್ನ ನಿಮ್ಮ ಮನೆಯವರು ಯಾವ ವರ್ಗಕ್ಕೆ ಸೇರುತ್ತಾರೆ, ಅವರ ಪದವಿಗೆ ಅಲ್ಲಿ ಮಾನ್ಯತೆ ಪಡೆಯಲು ಏನು ಮಾಡಬೇಕು ಎಂದು ಇಬ್ಬರೂ ಕೂತು ನೋಡಿ.

8. ನಮ್ಮವರನ್ನು ಹುಡುಕಿ, ಅಲ್ಲಿಗೇ ನಿಲ್ಲಬೇಡಿ.
ಬಹ್ರೇನಿನಲ್ಲಿ ಕನ್ನಡ ಸಂಘವಿದೆ, ಅಮೆರಿಕದ ಊರೂರಲ್ಲಿ ಕನ್ನಡ ಕೂಟಗಳಿವೆ. ರೂಮು, ವೈದ್ಯರು, ಒಳ್ಳೆಯ ವಕೀಲರ ಮಾಹಿತಿ ಅಲ್ಲೇ ಸಿಗುವುದು. ಆಮೇಲೆ ಆ ಊರಿನ ಬದುಕಿಗೂ ಕೈಹಾಕಿ. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಇಂಗ್ಲೆಂಡಿನಲ್ಲಿ ವೈದ್ಯರಾಗಿ ದುಡಿಯುತ್ತಲೇ ಲಂಡನ್ನಿನ ಲ್ಯಾಂಬೆತ್‌ನ ಮೇಯರ್ ಆದರು. ಅವರ ಪ್ರಯತ್ನದಿಂದ ಥೇಮ್ಸ್ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆ ಎದ್ದು, 2015ರ ನವೆಂಬರ್ 14ರಂದು ಅನಾವರಣಗೊಂಡಿತು. ಎಲ್ಲರೂ ಮೇಯರ್ ಆಗಬೇಕಿಲ್ಲ. ಮಕ್ಕಳ ಶಾಲೆಯಲ್ಲಿ, ಗ್ರಂಥಾಲಯದಲ್ಲಿ ವಾರಕ್ಕೆರಡು ತಾಸು ಕೊಟ್ಟರೂ ಆ ಊರಿನವರು ನಿಮ್ಮನ್ನು ಹೆಸರು ಹಿಡಿದು ಕರೆಯತೊಡಗುತ್ತಾರೆ. ಎಷ್ಟೋ ಜನರಿಗೆ ಮುಂದಿನ ಕೆಲಸದ ಬಾಗಿಲು ಅಲ್ಲಿಂದಲೇ ತೆರೆದಿದೆ.

9. ಮನೆಗೆ ಫೋನ್ ಮಾಡಿದಾಗ ನಿಜ ಹೇಳಿ.
ಕೈಗೆ ಬರುವ ಸಂಬಳ ಎಷ್ಟು, ಅದರಲ್ಲಿ ಹಿಡಿದುಕೊಳ್ಳುವುದೆಷ್ಟು, ಒಂದು ರೂಮಿನಲ್ಲಿ ಎಷ್ಟು ಜನ ಮಲಗುತ್ತೀರಿ ಎಲ್ಲ ಹೇಳಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ನೇರ ಬಿಸಿಲಲ್ಲಿ ದುಡಿಸುವಂತಿಲ್ಲ ಎಂಬ ನಿಯಮವಿದೆ. ನಿಮ್ಮ ಕಂಪನಿ ಅದನ್ನು ಪಾಲಿಸುತ್ತದೆಯೇ ಎಂಬುದನ್ನೂ ತಿಳಿಸಿ. ನಿಮ್ಮ ಓಣಿಯ ಇನ್ನೊಬ್ಬ ಹುಡುಗ ಪಾಸ್‌ಪೋರ್ಟ್ ಹಿಡಿದು ನಿಂತಿರುತ್ತಾನೆ. ಏಜೆಂಟನ ಮಾತಿಗಿಂತ ನಿಮ್ಮ ಮಾತನ್ನು ಅವನು ನಂಬುತ್ತಾನೆ.