ಬೆನ್ನ ಮೇಲಿನ ಅಡುಗೆಮನೆ

(ಗುಡ್ಡ ಹತ್ತಲು ಹೋಗುವವರು ತಮ್ಮ ಸಾಮಾನನ್ನು ತಾವೇ ಹೊರಬೇಕು. ಅಂಥ ಪ್ರವಾಸಕ್ಕೆ ಎಂಥ ಪಾತ್ರೆಗಳನ್ನು ಆರಿಸಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.)

ಆಷಾಢ ಮಾಸ ಬಂದಿತೆಂದರೆ ನಮ್ಮ ಭಾಗದ ರಸ್ತೆಗಳಲ್ಲಿ ವಾರಕರಿಗಳ ದಿಂಡಿಗಳು ಕಾಣುತ್ತವೆ. ತಾಳ ಮೃದಂಗಗಳ ನಾದದೊಂದಿಗೆ ಅವರು ಪಂಢರಪುರಕ್ಕೆ ನಡೆದು ಹೋಗುತ್ತಾರೆ. ದೊಡ್ಡ ದಿಂಡಿಗಳ ಜೊತೆಗೆ ಲಾರಿಯೂ ಇರುತ್ತದೆ. ಅಡುಗೆಯ ಹಂಡೆ, ಪರಾತಗಳು ಅದರಲ್ಲಿ ಸಾಗುತ್ತವೆ. ಆದ್ದರಿಂದ ನಡೆಯುವವರಿಗೆ ಪಾತ್ರೆಗಳ ಭಾರ ತಟ್ಟುವುದಿಲ್ಲ.

ಗುಡ್ಡ ಹತ್ತುವವರ ಮಾತು ಬೇರೆ. ಅಹಿಲ್ಯಾನಗರ ಜಿಲ್ಲೆಯ ಅಕೋಲೆ ತಾಲೂಕಿನಲ್ಲಿ ಕಳಸೂಬಾಯಿ ಶಿಖರವಿದೆ. ಅದು ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ಅದರ ಎತ್ತರ ೧೬೪೬ ಮೀಟರ್. ಕಡಿದಾದ ಬಂಡೆಗಳಿರುವಲ್ಲಿ ಕಬ್ಬಿಣದ ಏಣಿಗಳನ್ನು ಹಾಕಿದ್ದಾರೆ. ಏಣಿ ಹತ್ತುವಾಗ ಎರಡೂ ಕೈಗಳು ಖಾಲಿ ಇರಬೇಕು. ಸಾಮಾನೆಲ್ಲ ಬೆನ್ನಚೀಲದಲ್ಲಿರಬೇಕು. ಚೀಲ ಭಾರವಾದರೆ ಅದು ನಮ್ಮನ್ನು ಹಿಂದಕ್ಕೆ ಜಗ್ಗುತ್ತದೆ. ತೋಲ ತಪ್ಪಿದರೆ ಅಪಾಯ.

ಹಾಗಾದರೆ ಒಬ್ಬ ವಿದ್ಯಾರ್ಥಿ ಎಷ್ಟು ಭಾರ ಹೊರಬಹುದು? ಶಾಲೆಯ ಚೀಲದ ತೂಕ ಮಗುವಿನ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದು ಎಂದು ೨೦೨೦ರ ಶಾಲಾ ಚೀಲ ನೀತಿ ಹೇಳುತ್ತದೆ. ಗುಡ್ಡ ಹತ್ತುವಾಗಲೂ ಇದೇ ಅಳತೆ ಇಟ್ಟುಕೊಳ್ಳೋಣ. ನಿಮ್ಮ ತೂಕ ೩೦ ಕಿಲೋ ಇದ್ದರೆ ಚೀಲ ೩ ಕಿಲೋ ಮೀರಬಾರದು. ಒಂದು ಲೀಟರ್ ನೀರಿಗೆ ೧ ಕಿಲೋ ಆಯಿತು. ಬಟ್ಟೆ, ಹೊದಿಕೆಗೆ ಇನ್ನೊಂದು ಕಿಲೋ. ಖಾಲಿ ಚೀಲವೇ ಅರ್ಧ ಕಿಲೋ. ಉಳಿದದ್ದೆಷ್ಟು? ಬರೀ ಅರ್ಧ ಕಿಲೋ! ತಾಟು, ವಾಟಿ, ಅಡುಗೆಯ ಪಾತ್ರೆ, ಬುತ್ತಿ ಎಲ್ಲವೂ ಅಷ್ಟರಲ್ಲಿಯೇ ಆಗಬೇಕು.

ಈಗ ಪಾತ್ರೆಯ ಲೋಹವನ್ನು ನೋಡೋಣ. ಒಂದು ಬೋಗೋಣಿ ಮಾಡಲು ೧೦೦ ಘನ ಸೆಂಟಿಮೀಟರ್ ಲೋಹ ಬೇಕಾಯಿತು ಎಂದು ತಿಳಿಯಿರಿ. ಅಲ್ಯುಮಿನಿಯಮ್ ಆದರೆ ಅದು ೨೭೦ ಗ್ರಾಂ ತೂಗುತ್ತದೆ. ಸ್ಟೀಲ್ ಆದರೆ ಸುಮಾರು ೭೯೦ ಗ್ರಾಂ, ಹಿತ್ತಾಳೆ ಆದರೆ ಸುಮಾರು ೮೫೦ ಗ್ರಾಂ. ಅಂದರೆ ಹಿತ್ತಾಳೆಯ ಬೋಗೋಣಿ ಒಂದೇ ನಿಮ್ಮ ಪಾಲಿನ ಅರ್ಧ ಕಿಲೋವನ್ನು ಮೀರಿತು.

ಅಲ್ಯುಮಿನಿಯಮ್ ಪಾತ್ರೆಗೆ ನಮ್ಮ ಹಿರಿಯರು ಜರ್ಮನ್ ಪಾತ್ರೆ ಎನ್ನುತ್ತಾರೆ. ಇದು ಹಗುರ, ಬೆಲೆಯೂ ಕಡಿಮೆ. ಕಾವು ತಳದ ತುಂಬ ಬೇಗ ಹರಡುತ್ತದೆ. ಆದರೆ ಕೆಳಗೆ ಬಿದ್ದರೆ ಸುಲಭವಾಗಿ ನೆಗ್ಗುತ್ತದೆ. ಹುಣಸೆಹುಳಿ, ಟೊಮೆಟೊ, ಮಜ್ಜಿಗೆ ಇಂಥ ಹುಳಿ ಪದಾರ್ಥಗಳನ್ನು ಇದರಲ್ಲಿ ಬೇಯಿಸಬಾರದು, ಇಡಲೂ ಬಾರದು. ಹುಳಿಯು ಲೋಹವನ್ನು ಕರಗಿಸುತ್ತದೆ.

ಸ್ಟೀಲ್ ಗಟ್ಟಿ. ಹುಳಿಗೆ ಹೆದರುವುದಿಲ್ಲ. ಗಟ್ಟಿಯಾದ್ದರಿಂದ ಅದನ್ನು ತೆಳ್ಳಗೆ ಮಾಡಬಹುದು. ಆದ್ದರಿಂದ ಕೆಲವು ಸ್ಟೀಲ್ ಪಾತ್ರೆಗಳು ನಾವು ತಿಳಿದಷ್ಟು ಭಾರ ಇರುವುದಿಲ್ಲ. ಆದರೆ ತೆಳ್ಳಗಿನ ಸ್ಟೀಲಿನಲ್ಲಿ ಉರಿ ತಾಗಿದ ಜಾಗವಷ್ಟೇ ಕಾಯುತ್ತದೆ. ಅಲ್ಲಿ ಅನ್ನ ತಳ ಹಿಡಿಯುತ್ತದೆ. ಮೇಲಿಂದ ಮೇಲೆ ಕೈಯಾಡಿಸುತ್ತಿರಬೇಕು.

ಹಿಮಾಲಯದಂಥ ಎತ್ತರದ ಪರ್ವತಗಳಿಗೆ ಹೋಗುವ ಕೆಲವರು ಟೈಟೇನಿಯಮ್ ಎಂಬ ಲೋಹದ ಪಾತ್ರೆಗಳನ್ನು ಒಯ್ಯುತ್ತಾರೆ. ಅದು ಸ್ಟೀಲಿಗಿಂತ ಹಗುರ, ಬಲು ಗಟ್ಟಿ. ಆದರೆ ಬೆಲೆ ಬಹಳ. ಅನ್ನ ತಳ ಹಿಡಿಯುವ ತೊಂದರೆ ಅದರಲ್ಲಿಯೂ ಇದೆ. ಎರಡು ದಿನದ ಪ್ರವಾಸಕ್ಕಾಗಿ ಅದನ್ನು ಕೊಳ್ಳಬೇಕಾಗಿಲ್ಲ. ಮನೆಯಲ್ಲಿದ್ದ ಪಾತ್ರೆಗಳನ್ನೇ ತಕ್ಕಡಿಯಲ್ಲಿಟ್ಟು ನೋಡಿರಿ. ಕಣ್ಣಿಗೆ ಹಗುರ ಕಂಡದ್ದು ತಕ್ಕಡಿಯಲ್ಲಿ ಭಾರವಾಗಬಹುದು.

ಲೋಹದಂತೆ ಪಾತ್ರೆಯ ಆಕಾರವೂ ಮುಖ್ಯ. ಚಿಕ್ಕ ಒಲೆಯ ಮೇಲೆ ಸಪಾಟಾದ ತಳದ ಬೋಗೋಣಿ ಅಲುಗದೆ ನಿಲ್ಲುತ್ತದೆ. ಹಿಡಿಕೆ ಚಾಚಿಕೊಂಡಿದ್ದರೆ ಚೀಲದಲ್ಲಿ ಜಾಗ ತಿನ್ನುತ್ತದೆ. ಹಿಡಿಕೆಯಿಲ್ಲದ ಬೋಗೋಣಿಗಳೂ ಒಂದು ಇಕ್ಕಳವೂ ಇದ್ದರೆ ಸಾಕು. ಚಿಕ್ಕ ಬೋಗೋಣಿ ದೊಡ್ಡದರೊಳಗೆ ಕೂಡುವಂತಿರಬೇಕು. ಅದರೊಳಗಿನ ಖಾಲಿ ಜಾಗದಲ್ಲಿ ಉಪ್ಪು, ಖಾರ, ಬೇಳೆಯ ಗಂಟುಗಳನ್ನು ತುಂಬಬಹುದು.

ಮುಚ್ಚಳವನ್ನು ಮಾತ್ರ ಮರೆಯಬಾರದು. ಮುಚ್ಚಳವಿಲ್ಲದಿದ್ದರೆ ಕಾವೆಲ್ಲ ಉಗಿಯೊಂದಿಗೆ ಹೊರಗೆ ಹೋಗುತ್ತದೆ. ಇನ್ನೊಂದು ಮಾತು. ಸಮುದ್ರದ ಮಟ್ಟದಲ್ಲಿ ನೀರು ೧೦೦ ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಸುಮಾರು ೩೦೦ ಮೀಟರ್ ಮೇಲೆ ಹೋದಂತೆ ಒಂದೊಂದು ಡಿಗ್ರಿ ಕಡಿಮೆಯಾಗುತ್ತದೆ. ಕಳಸೂಬಾಯಿಯಷ್ಟು ಎತ್ತರದಲ್ಲಿ ನೀರು ಸುಮಾರು ೯೫ ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು. ಬೇಳೆಯನ್ನು ಮೊದಲೇ ನೆನೆಹಾಕಬೇಕು. ಇಲ್ಲವೇ ರವೆ, ಅವಲಕ್ಕಿಯಂಥ ಬೇಗ ಆಗುವ ಪದಾರ್ಥಗಳನ್ನು ಒಯ್ಯಬೇಕು. ಇದರಿಂದ ಇಂಧನ ಉಳಿಯುತ್ತದೆ, ಇಂಧನದ ಭಾರವೂ ಇಳಿಯುತ್ತದೆ.

ಅಡುಗೆಯನ್ನು ಎಲ್ಲಿ ಬೇಕಾದಲ್ಲಿ ಮಾಡಬಾರದು. ಕಳಸೂಬಾಯಿಯ ಸುತ್ತಲಿನ ಕಾಡು ವನ್ಯಜೀವಿಗಳ ಅಭಯಾರಣ್ಯವಾಗಿದೆ. ಒಂದು ಕಿಡಿಯಿಂದ ಇಡೀ ಗುಡ್ಡದ ಹುಲ್ಲು ಉರಿದುಹೋಗಬಹುದು. ಆದ್ದರಿಂದ ಅಪ್ಪಣೆಯಿದ್ದ ಜಾಗದಲ್ಲಿ, ಹಿರಿಯರ ಎದುರಿನಲ್ಲಿಯೇ ಒಲೆ ಹೊತ್ತಿಸಬೇಕು. ಉಳಿದ ಕಡೆಗೆ ಮನೆಯ ರೊಟ್ಟಿ, ಶೇಂಗಾಚಟ್ನಿಯ ಬುತ್ತಿಯೇ ಒಳ್ಳೆಯದು. ಅದಕ್ಕೆ ಪಾತ್ರೆಯೂ ಬೇಡ, ಒಲೆಯೂ ಬೇಡ.

ಕೊನೆಗೆ, ಹೊರೆಯನ್ನು ಹಂಚುವ ಮಾತು. ಇಬ್ಬರು ಹಿರಿಯರು, ಇಬ್ಬರು ಮಕ್ಕಳು ಹೊರಟಿದ್ದಾರೆ. ಎಲ್ಲರಿಗೂ ಸೇರಿ ಬೇಕಾದ ಸಾಮಾನು ಇಷ್ಟು: ಗ್ಯಾಸಿನ ಚಿಕ್ಕ ಒಲೆ ಮತ್ತು ಡಬ್ಬಿ ೬೫೦ ಗ್ರಾಂ, ಮುಚ್ಚಳ ಸಹಿತ ದೊಡ್ಡ ಬೋಗೋಣಿ ೪೦೦ ಗ್ರಾಂ, ಚಿಕ್ಕ ಬೋಗೋಣಿ ೨೦೦ ಗ್ರಾಂ, ಸೌಟು ಮತ್ತು ಇಕ್ಕಳ ೧೫೦ ಗ್ರಾಂ. ಒಟ್ಟು ೧೪೦೦ ಗ್ರಾಂ. ಸರಿಯಾಗಿ ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬರಿಗೆ ೩೫೦ ಗ್ರಾಂ ಬರುತ್ತದೆ. ಇದು ಸಮಪಾಲು, ಆದರೆ ನ್ಯಾಯದ ಪಾಲಲ್ಲ. ೬೦ ಕಿಲೋ ತೂಕದವರಿಗೂ ೩೦ ಕಿಲೋ ತೂಕದವರಿಗೂ ಒಂದೇ ಹೊರೆ ಹೇಗೆ ಸರಿ? ಒಲೆಯನ್ನೂ ದೊಡ್ಡ ಬೋಗೋಣಿಯನ್ನೂ ಹಿರಿಯರು ಹೊರಲಿ. ಚಿಕ್ಕ ಬೋಗೋಣಿಯನ್ನು ಒಂದು ಮಗು, ಸೌಟು ಇಕ್ಕಳಗಳನ್ನು ಇನ್ನೊಂದು ಮಗು ಹೊರಲಿ. ಆಗ ಮಕ್ಕಳ ಚೀಲದಲ್ಲಿ ತಾಟು, ವಾಟಿ, ಬುತ್ತಿಗೂ ಜಾಗ ಉಳಿಯುತ್ತದೆ.

ಗುಡ್ಡದ ದಾರಿಯಲ್ಲಿ ಒಬ್ಬರು ಸೋತು ಕುಳಿತರೆ ಎಲ್ಲರೂ ನಿಲ್ಲಬೇಕಾಗುತ್ತದೆ. ಅದಕ್ಕೇ ಎಲ್ಲರಿಗಿಂತ ಚಿಕ್ಕವರ ಬೆನ್ನನ್ನು ಮೊದಲು ನೋಡಿ, ಆಮೇಲೆ ಪಾತ್ರೆಗಳನ್ನು ಆರಿಸಬೇಕು.

ಶಬ್ದಾರ್ಥ
ಬೋಗೋಣಿ – ಅಗಲ ಬಾಯಿಯ ಅಡುಗೆಪಾತ್ರೆ
ತೋಲ – ಸಮತೋಲನ
ನೆಗ್ಗು – ತಗ್ಗು ಬೀಳು
ಇಕ್ಕಳ – ಬಿಸಿಪಾತ್ರೆ ಹಿಡಿಯುವ ಸಾಧನ
ಬುತ್ತಿ – ದಾರಿಗೆ ಕಟ್ಟಿಕೊಂಡ ಊಟ
ಅಭಯಾರಣ್ಯ – ಕಾಡುಪ್ರಾಣಿಗಳಿಗೆ ರಕ್ಷಣೆಯಿರುವ ಅರಣ್ಯ

ಅಭ್ಯಾಸ

ಪ್ರ. ೧. ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
೧. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಯಾವುದು?
೨. ಅಲ್ಯುಮಿನಿಯಮ್ ಪಾತ್ರೆಗೆ ಹಿರಿಯರು ಏನೆನ್ನುತ್ತಾರೆ?
೩. ದೊಡ್ಡ ದಿಂಡಿಗಳ ಅಡುಗೆಪಾತ್ರೆಗಳು ಹೇಗೆ ಸಾಗುತ್ತವೆ?

ಪ್ರ. ೨. ಕಾರಣ ಕೊಡಿರಿ.
೧. ಅಲ್ಯುಮಿನಿಯಮ್ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡಬಾರದು.
೨. ಎತ್ತರದ ಗುಡ್ಡದ ಮೇಲೆ ಬೇಳೆ ಬೇಗ ಬೇಯುವುದಿಲ್ಲ.
೩. ಸಮಪಾಲು ಯಾವಾಗಲೂ ನ್ಯಾಯದ ಪಾಲಾಗುವುದಿಲ್ಲ.

ಪ್ರ. ೩. ವಿರುದ್ಧಾರ್ಥದ ಶಬ್ದ ಬರೆಯಿರಿ.
ಹಗುರ, ತೆಳ್ಳಗೆ, ನ್ಯಾಯ, ಬೇಗ

ಉಪಕ್ರಮ
ನಿಮ್ಮ ತೂಕದ ಹತ್ತನೆಯ ಒಂದು ಭಾಗ ಎಷ್ಟು? ನಿಮ್ಮ ಶಾಲೆಯ ಚೀಲವನ್ನು ತೂಗಿ ನೋಡಿರಿ. ಭಾರ ಹೆಚ್ಚಾಗಿದ್ದರೆ ಯಾವ ಸಾಮಾನು ತೆಗೆಯಬಹುದು ಎಂಬುದನ್ನು ಗುರುಗಳೊಂದಿಗೆ ಚರ್ಚಿಸಿರಿ.